ದಿನಕ್ಕೆ ಅರ್ಧ ಪುಟ

(ಹಳ್ಳಿಮೈಸೂರಿನಲ್ಲಿ ಯುವ ಬರಹಗಾರರ ಮುಂದೆ ಆಡಿದ ಮಾತು)



ಬರೆಯುವ ಆಸೆಯಿದೆ, ಬಿಡುವೇ ಇಲ್ಲ ಎನ್ನುತ್ತೀರಿ. ನಮ್ಮ ಜಿಲ್ಲೆಯವರನ್ನೇ ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಧರ್ಮಶ್ರೀ’ ಬಂದದ್ದು 1961ರಲ್ಲಿ, ‘ಉತ್ತರಕಾಂಡ’ 2017ರಲ್ಲಿ. ಈ 56 ವರ್ಷಗಳಲ್ಲಿ ಮೊದಲ 30 ವರ್ಷ ಅವರು ಬರೆದದ್ದು ಅಧ್ಯಾಪಕ ವೃತ್ತಿಯ ನಡುವೆಯೇ. ಹಾಸನದ ಬಾನು ಮುಷ್ತಾಕ್ ವಕೀಲರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದ ಅವರ 12 ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆಯಿಂದ ಆಯ್ದವು.

ಡೇರಿಗೆ ಹಾಲು ಹಾಕುವವರು ಮನಸ್ಸು ಬಂದ ದಿನ ಮಾತ್ರ ಹಸು ಕರೆಯುವುದಿಲ್ಲ. ಕರೆಯುವುದು ಬಿಟ್ಟರೆ ಕೆಚ್ಚಲು ಬತ್ತುತ್ತದೆ. ಬರವಣಿಗೆಯೂ ಹಾಗೆಯೇ. ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಅರ್ಧ ಪುಟ ಸಾಕು. ಮುಂದಿನ ವಾಕ್ಯ ತಿಳಿದಿರುವಾಗಲೇ ನಿಲ್ಲಿಸಿ, ನಾಳೆ ತಡಕಾಡಬೇಕಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಬೇಡ, ಅರ್ಧ ಪುಟವೇ ಇರಲಿ. ಚೆನ್ನಾಗಿಲ್ಲವೆಂದು ಹರಿಯಬೇಡಿ, ತಿದ್ದುವುದಕ್ಕೆ ಬೇರೆ ದಿನವಿದೆ.

ಏನು ಬರೆಯುವುದು? ಮನೆಯ ಅಜ್ಜಿಯನ್ನು ಕೇಳಿ. ಬಿತ್ತನೆ, ಬರಗಾಲ, ಬಾಣಂತನ ಕುರಿತು ಆಕೆ ಬಳಸುವ ಎಷ್ಟೋ ಮಾತು ಯಾವ ಪುಸ್ತಕದಲ್ಲೂ ಸಿಗದು. ಅರ್ಧ ಪುಟದಂತೆ ವರ್ಷಕ್ಕೆ 180 ಪುಟ. ಅಜ್ಜಿಯೊಡನೆ ಆ ಮಾತೂ ಹೋದರೆ ಆಮೇಲೆ ಎಷ್ಟು ಬಿಡುವಿದ್ದರೂ ಮರಳಿ ಬಾರದು.