ಒಣ ತರಕಾರಿಗಳಲ್ಲಿ ಉಳಿಯುವುದು, ಅಳಿಯುವುದು



ಚಾತುರ್ಮಾಸದಲ್ಲಿಯೂ ಅಷ್ಟಮಿ, ಚತುರ್ದಶಿಗಳಂದೂ ಹಸಿರು ತರಕಾರಿಯನ್ನು ತ್ಯಜಿಸುವ ಶ್ರಾವಕರ ಎಷ್ಟೋ ಮನೆಗಳಲ್ಲಿ ಬೇಳೆಕಾಳುಗಳೊಡನೆ ಬೇಸಗೆಯಲ್ಲಿ ಒಣಗಿಸಿಟ್ಟ ತರಕಾರಿಯೇ ಆಧಾರವಾಗುತ್ತದೆ. ನಮ್ಮಲ್ಲಿ ಗೋರಿಕಾಯಿ, ಹಾಗಲಕಾಯಿ, ಮೆಂತ್ಯದ ಸೊಪ್ಪು. ರಾಜಸ್ಥಾನದ ಮರುಭೂಮಿಯಲ್ಲಿ ಬನ್ನಿಮರದ ಕಾಯಿಯಾದ ಸಾಂಗ್ರಿ. ವ್ರತವನ್ನು ಪಾಲಿಸುವ ದೇಹಕ್ಕೆ ಇವುಗಳಿಂದ ದೊರೆಯುವುದೇನೆಂಬುದು ವಿಚಾರಾರ್ಹವಾದ ಸಂಗತಿ.

ಹಸಿ ಸೊಪ್ಪಿನ ತೂಕದಲ್ಲಿ ನೂರಕ್ಕೆ 85ರಿಂದ 90 ಭಾಗ ನೀರೇ ಇರುತ್ತದೆ. ಆ ನೀರು ಹೋದ ಮೇಲೆ ಸುಣ್ಣ, ಕಬ್ಬಿಣ, ನಾರು, ಸಸಾರಜನಕಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. 100 ಗ್ರಾಂ ಒಣಸೊಪ್ಪಿನಲ್ಲಿ ಹಸಿಸೊಪ್ಪಿಗಿಂತ ಹಲವು ಪಟ್ಟು ಕಬ್ಬಿಣವಿದೆಯೆಂಬ ಲೆಕ್ಕ ಸರಿಯೇ. ಆದರೆ ಒಂದು ಊಟದಲ್ಲಿ 100 ಗ್ರಾಂ ಒಣಸೊಪ್ಪನ್ನು ತಿನ್ನುವವರು ಯಾರು?

ಅಳಿಯುವುದರಲ್ಲಿ ಮುಖ್ಯವಾದುದು ‘ಸಿ’ ಜೀವಸತ್ವ. ಶಾಖ ಮತ್ತು ಗಾಳಿಗೆ ಅದರ ಬಹುಭಾಗ ನಾಶವಾಗುತ್ತದೆ. ಈ ನಷ್ಟ ಅಲ್ಲಿಗೇ ನಿಲ್ಲದು. ಸಸ್ಯಾಹಾರದ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ‘ಸಿ’ ಜೀವಸತ್ವವಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಎಂದರೆ ಒಣಸೊಪ್ಪಿನಲ್ಲಿ ಕಬ್ಬಿಣವಿದ್ದೂ ಅದನ್ನು ಒಳಕ್ಕೆ ಕರೆದೊಯ್ಯುವ ಸಂಗಾತಿ ಇಲ್ಲ. ಏಕಾಶನ, ಉಪವಾಸಗಳನ್ನು ಹೆಚ್ಚಾಗಿ ಕೈಗೊಳ್ಳುವ ಸ್ತ್ರೀಯರಲ್ಲಿ, ಬೆಳೆಯುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಗೆ ಇದೂ ದಾರಿಯಾಗಬಹುದು. ನಿಯಮಕ್ಕೆ ಅಡ್ಡಿಯಿಲ್ಲದ ಮನೆಗಳಲ್ಲಿ ಪಲ್ಯಕ್ಕೆ ನಿಂಬೆರಸವನ್ನೂ, ಇಲ್ಲವಾದಲ್ಲಿ ಸಾರಿಗೆ ಒಣ ನೆಲ್ಲಿಯನ್ನೂ ಸೇರಿಸುವುದು ಹಿತಕರ. ನೆಲ್ಲಿಯು ಒಣಗಿದ ಮೇಲೂ ‘ಸಿ’ ಜೀವಸತ್ವವನ್ನು ಇತರ ಕಾಯಿಗಳಿಗಿಂತ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಊಟವಾದೊಡನೆ ಚಹಾ ಸೇವಿಸಿದರೆ ಕಬ್ಬಿಣದ ಹೀರಿಕೆ ಕುಗ್ಗುತ್ತದೆ.

ಕಣ್ಣಿಗೆ ಬೇಕಾದ ಕ್ಯಾರೊಟಿನ್ ಬಿಸಿಲಿಗೆ ಕೆಡುತ್ತದೆ. ಆದುದರಿಂದ ಸೊಪ್ಪನ್ನು ಕುದಿನೀರಿನಲ್ಲಿ ಕ್ಷಣಕಾಲ ಅದ್ದಿ, ನೆರಳಿನಲ್ಲಿ, ತೆಳುಬಟ್ಟೆಯ ಕೆಳಗೆ ಒಣಗಿಸಬೇಕು. ಬಣ್ಣವೂ ಉಳಿಯುತ್ತದೆ, ಕೀಟಗಳೂ ಬಿದ್ದು ಸಾಯುವುದಿಲ್ಲ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವೂ 1961ರಲ್ಲಿ ಸೈನಿಕರ ಆಹಾರಕ್ಕಾಗಿ ಸ್ಥಾಪಿತವಾದ ರಕ್ಷಣಾ ಪ್ರಯೋಗಾಲಯವೂ ನಿರ್ಜಲೀಕರಣದ ಶಾಸ್ತ್ರವನ್ನು ಬಹಳವಾಗಿ ಬೆಳೆಸಿವೆ. ಉಪ್ಪು, ಮಜ್ಜಿಗೆಗಳಲ್ಲಿ ಅದ್ದಿ ಒಣಗಿಸಿ ಕರಿದ ಬಾಳಕ ರುಚಿಕರವೇ; ಅದನ್ನು ತರಕಾರಿಯೆಂದು ಮಾತ್ರ ಎಣಿಸಲಾಗದು. ರಕ್ತದ ಒತ್ತಡವುಳ್ಳವರು ದೂರವಿಡುವುದು ಲೇಸು.

ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಗೆಯಲ್ಲಿ 5, ಮಳೆಗಾಲದಲ್ಲಿ 3 ದಿನಗಳ ಮರ್ಯಾದೆಯನ್ನು ಹಿರಿಯರು ವಿಧಿಸಿದ್ದಾರೆ. ತೇವದ ಈ ಎಚ್ಚರ ಒಣ ತರಕಾರಿಗೂ ಅನ್ವಯಿಸುತ್ತದೆ. ಮುರಿದರೆ ಸದ್ದಾಗುವಷ್ಟು ಒಣಗಿರಬೇಕು, ಗಾಳಿಯಾಡದ ಡಬ್ಬಿಯಲ್ಲಿರಬೇಕು. ಬೂಷ್ಟು ಹಿಡಿದುದನ್ನು ಮತ್ತೆ ಬಿಸಿಲಿಗಿಟ್ಟು ಬಳಸುವ ವಾಡಿಕೆ ಅಪಾಯಕರ. ಬೂಷ್ಟು ಒಣಗಿ ಉದುರಬಹುದು. ಅದು ಉಳಿಸಿಹೋದ ವಿಷ ಬಿಸಿಲಿಗಾಗಲಿ ಬೇಯಿಸುವುದರಿಂದಾಗಲಿ ಪೂರ್ತಿ ಹೋಗುವುದಿಲ್ಲ.