ಬಾಲಿಯ ಗದ್ದೆ, ಭದ್ರೆಯ ನಾಲೆ

(ಹರಿಹರದಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ದಾವಣಗೆರೆ, ಹರಿಹರಗಳ ನವದಂಪತಿಗಳಿಗೆ ಒಂದು ಕಾಲದಲ್ಲಿ ಊಟಿಯೇ ದೂರದೇಶವಾಗಿತ್ತು. ಇಂದು ಮದುವೆಮನೆಗಳಲ್ಲಿ ಬಾಲಿ, ಮಾಲ್ಡೀವ್ಸ್, ಥಾಯ್ಲೆಂಡ್‌ಗಳ ಹೆಸರು ಕೇಳಿಬರುತ್ತದೆ. 2024ರಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭವಾದ ಮೇಲಂತೂ ಆ ದ್ವೀಪ ಇನ್ನಷ್ಟು ಹತ್ತಿರವಾಯಿತು. ಪ್ರವಾಸವನ್ನು ನಾನು ಹಳಿಯಲಾರೆ. ಕೊಚ್ಚಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ವಿಜಯನ್ ಮತ್ತು ಮೋಹನಾ ದಂಪತಿ ದಿನದ ಗಳಿಕೆಯಲ್ಲಿ ಇಷ್ಟಿಷ್ಟು ಉಳಿಸಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳನ್ನು ಜೊತೆಯಾಗಿ ಕಂಡರು. 2021ರಲ್ಲಿ ವಿಜಯನ್ ತೀರಿಕೊಂಡರು. ಲೋಕವನ್ನು ನೋಡುವ ಹಂಬಲ ಸಿರಿವಂತರ ಸೊತ್ತಲ್ಲ. ಆದರೆ ನೋಡಿ ಬಂದದ್ದೇನು ಎಂಬ ಪ್ರಶ್ನೆ ಉಳಿಯುತ್ತದೆ.

ಬಾಲಿಗೆ ಹೋದವರು ಕಡಲತೀರದ ಚಿತ್ರಗಳೊಡನೆ ಹಸಿರು ಮೆಟ್ಟಿಲುಗದ್ದೆಗಳ ಚಿತ್ರವನ್ನೂ ತರುತ್ತಾರೆ. ಚಿತ್ರದಲ್ಲಿ ಹಿನ್ನೆಲೆಯಾಗಿ ನಿಂತ ಆ ಗದ್ದೆಗಳೇ ಕೃಷಿಕನಾದವನು ನೋಡಬೇಕಾದ ವಸ್ತು. ಅವುಗಳಿಗೆ ನೀರು ಹಂಚುವ ರೈತಸಂಘಕ್ಕೆ 'ಸುಬಕ್' ಎಂದು ಹೆಸರು. ಈ ವ್ಯವಸ್ಥೆಯ ಸುಮಾರು 19,500 ಹೆಕ್ಟೇರ್ ಪ್ರದೇಶವನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೆ ಪರಿಚಿತವಾದ ಪದಗಳಲ್ಲೇ ಅವರು ತಮ್ಮ ತತ್ತ್ವವನ್ನು 'ತ್ರಿ ಹಿತ ಕರಣ' ಎನ್ನುತ್ತಾರೆ: ದೇವರು, ಮನುಷ್ಯ, ಪ್ರಕೃತಿ ಈ ಮೂರರೊಡನೆ ಹೊಂದಿ ಬಾಳುವುದು. ಅವರ ಭತ್ತದ ದೇವತೆ ಶ್ರೀದೇವಿ. ಬೆಟ್ಟದ ನೆತ್ತಿಯ ಬತೂರ್ ಸರೋವರದ ಬಳಿ ಹಿರಿಯ ಜಲದೇವಾಲಯವಿದೆ; ಕೆಳಗಿನ ಗುಡಿಗಳಲ್ಲಿ ರೈತರು ಸೇರಿ, ಯಾವ ಬಯಲು ಯಾವಾಗ ನಾಟಿ ಮಾಡಬೇಕು, ಯಾವಾಗ ಬೀಳು ಬಿಡಬೇಕು ಎಂದು ನಿರ್ಧರಿಸುತ್ತಾರೆ.

ಮೇಲಿನ ರೈತ ಕೆಳಗಿನವನಿಗೆ ನೀರು ಬಿಡುವುದಾದರೂ ಏಕೆ? ಇದು ಕೇವಲ ಭಕ್ತಿಯ ಫಲವಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದರ ಗುಟ್ಟನ್ನು ವಿವರಿಸಿದ್ದಾರೆ. ಕೆಳಗಿನವನಿಗೆ ನೀರಿನ ಚಿಂತೆ, ಮೇಲಿನವನಿಗೆ ಕೀಟದ ಚಿಂತೆ. ಕಂದು ಜಿಗಿಹುಳು ಭತ್ತವನ್ನೇ ನಂಬಿ ಬದುಕುವ ಕೀಟ. ಇಡೀ ಬಯಲು ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಕೊಯ್ದರೆ ಅದಕ್ಕೆ ಆಹಾರವಿಲ್ಲದ ಕಾಲವೊಂದು ಬರುತ್ತದೆ. ಒಬ್ಬರ ಗದ್ದೆ ಕೊಯ್ಲಿಗೆ ಬಂದಾಗ ಪಕ್ಕದವರದು ಎಳೆಯ ಪೈರಾಗಿದ್ದರೆ ಹುಳು ಅಲ್ಲಿಗೆ ಹಾರುತ್ತದೆ. ಆದ್ದರಿಂದ ಕೆಳಗಿನವನೂ ತನ್ನೊಡನೆಯೇ ನಾಟಿ ಮಾಡಲೆಂದು ಮೇಲಿನವನು ನೀರು ಬಿಡುತ್ತಾನೆ. ಇದು ದಾನವಲ್ಲ, ಇಬ್ಬರ ಹಿತವೂ ಕೂಡಿದ ಒಪ್ಪಂದ.

ಹಸಿರುಕ್ರಾಂತಿಯ ಕಾಲದಲ್ಲಿ, 1970ರ ದಶಕದಲ್ಲಿ, ಅಲ್ಲಿನ ಸರ್ಕಾರ ಈ ಪದ್ಧತಿಯನ್ನು ಬದಿಗಿಟ್ಟು ಬಿಡುವಿಲ್ಲದೆ ಭತ್ತ ಬೆಳೆಯಿರೆಂದಿತು. ನೀರಿನ ಸರದಿ ಕೆಟ್ಟಿತು, ಕೀಟ ಹೆಚ್ಚಿತು. ವಿಷ ಸಿಂಪಡಿಸಿದಷ್ಟೂ ಹುಳುವನ್ನು ತಿನ್ನುವ ಜೇಡಗಳು ಸತ್ತು ಹುಳು ಇನ್ನೂ ಬೆಳೆಯಿತು. ಕೊನೆಗೆ 1986ರಲ್ಲಿ ಇಂಡೊನೇಷ್ಯಾ ಸರ್ಕಾರವೇ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು.

ಈಗ ಇದೇ ಕನ್ನಡಿಯಲ್ಲಿ ನಮ್ಮ ಮುಖ ನೋಡಿಕೊಳ್ಳೋಣ. ಲಕ್ಕವಳ್ಳಿಯಿಂದ ಹೊರಟ ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದಲ್ಲಿ ದಾವಣಗೆರೆ, ಮಲೇಬೆನ್ನೂರು, ಹರಿಹರದ ಗದ್ದೆಗಳಿವೆ. ಮೇಲ್ಭಾಗದಲ್ಲಿ ಭತ್ತವಷ್ಟೇ ಅಲ್ಲ, ವರ್ಷವಿಡೀ ನೀರು ಬೇಡುವ ಅಡಿಕೆ ತೋಟಗಳೂ ಹಬ್ಬಿವೆ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಯ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದದ್ದನ್ನು ನೀವೆಲ್ಲ ಕಂಡಿದ್ದೀರಿ. ಜಲಾಶಯದ ಮಟ್ಟವೆಷ್ಟು ಅಡಿ ಎಂದು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ಮೇಲಿನವನ ನಾಟಿ ಎಂದು, ಕೆಳಗಿನವನದು ಎಂದು ಎಂಬುದನ್ನು ಕೂಡಿ ಕುಳಿತು ಮಾತನಾಡುವುದಿಲ್ಲ.

ಮಲೆನಾಡಿನ ನಮಗೂ ಇದರಲ್ಲಿ ಪಾಲಿದೆ. ಗಂಗಾಮೂಲದ ಶೋಲಾ ಕಾಡೇ ನಮ್ಮ ಬತೂರ್ ಸರೋವರ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಘಟ್ಟದ ಹಳ್ಳಿಗಳಿಗೆ ಮಾತ್ರವಲ್ಲ, ಹರಿಹರದ ಗದ್ದೆಗೂ ಸಂದ ಉಪಕಾರ. ಬೆಟ್ಟದ ಮೇಲೆ ಕಾಡು ಕಡಿದವನು ಬಯಲಿನವನ ಅನ್ನಕ್ಕೆ ಕೈಹಾಕಿದಂತೆಯೇ.

ಬಾಲಿ ಸ್ವರ್ಗವೇನೂ ಅಲ್ಲ. ಪ್ರವಾಸೋದ್ಯಮದ ಭರದಲ್ಲಿ ಅಲ್ಲಿನ ಗದ್ದೆಗಳು ವಿಲ್ಲಾಗಳಾಗುತ್ತಿವೆ. ಸುಬಕ್‌ನ ನೀರು ಹೋಟೆಲುಗಳಿಗೆ ಹರಿಯುತ್ತಿದೆ. ತಮ್ಮ ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರಿಗೆ 1,50,000 ರುಪಯಾ ಶುಲ್ಕ ವಿಧಿಸಿದ್ದಾರೆ. ಗದ್ದೆಯ ಚೆಲುವನ್ನು ನೋಡಬಂದವರಿಂದಲೇ ಗದ್ದೆ ಕರಗುವುದು ಈ ಕಾಲದ ವಿಪರ್ಯಾಸ.

ಹೋಗುವ ದಂಪತಿಗಳಿಗೆ ನನ್ನದೊಂದು ವಿನಂತಿ: ಜತಿಲುವಿಹ್‌ನಂಥ ಹಳ್ಳಿಯಲ್ಲಿ ಅರ್ಧ ದಿನ ನಿಲ್ಲಿರಿ, ಇಲ್ಲಿ ನೀರು ಕೊನೆಗೆ ಯಾರಿಗೆ ತಲುಪುತ್ತದೆ ಎಂದು ರೈತನನ್ನು ಕೇಳಿರಿ. ವಿದ್ಯಾರ್ಥಿಗಳೇ, ನಿಮಗೆ ವಿಮಾನ ಬೇಕಿಲ್ಲ. ಲಕ್ಕವಳ್ಳಿಯಿಂದ ದೇವರಬೆಳಕೆರೆಯವರೆಗೆ ನಾಲೆಯ ಜಾಡು ಹಿಡಿದು ಬನ್ನಿರಿ. ಎಲ್ಲಿ ಯಾವ ಬೆಳೆ, ನಾಟಿ ಎಂದು ಎಂದು ಬರೆದುಕೊಳ್ಳಿರಿ. ರೈತರೇ, ನೀರು ಬಳಕೆದಾರರ ಸಂಘಗಳು ಕಾಗದದಲ್ಲೇ ಉಳಿಯದಿರಲಿ. ಒಂದು ಉಪನಾಲೆಯ ಮೇಲಿನವರೂ ಕೆಳಗಿನವರೂ ಸಸಿಮಡಿಯ ದಿನವನ್ನು ಒಟ್ಟಾಗಿ ಗೊತ್ತುಪಡಿಸಿದರೆ ಸಾಕು, ಅದೇ ಮೊದಲ ಹೆಜ್ಜೆ. ಹರಿಯೂ ಹರನೂ ಒಂದೇ ಶಿಲೆಯಲ್ಲಿ ನಿಂತ ಊರಿದು; ಮೇಲಿನ ಗದ್ದೆ, ಕೆಳಗಿನ ಗದ್ದೆಗಳು ಒಂದೇ ನೀರಿನಲ್ಲಿ ನಿಲ್ಲುವುದು ಇಲ್ಲಿ ಅಸಾಧ್ಯವಾಗಬಾರದು.