ಬೇಸ್ ಗಿಟಾರಿನ ಪೆಟ್ಟಿಗೆ ಕೊಳ್ಳುವ ಮುನ್ನ
(ಸಂಘದ ವಾದ್ಯವೃಂದದ ತರುಣರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಗಿರಣಿಯ ವಿದ್ಯುತ್ ಖಾತೆಯಲ್ಲಿ ದುಡಿದವನು. ಪಾಳಿ ಮುಗಿದ ಮೇಲೆ ಇದೇ ಸಂಘದ ವಾದ್ಯವೃಂದದಲ್ಲಿ ಬೇಸ್ ಗಿಟಾರ್ ಬಾರಿಸಿದವನು. ೧೯೮೨ರ ಮುಷ್ಕರದ ತರುವಾಯ ನಮ್ಮ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ವಾದ್ಯವೃಂದವೂ ದಿಕ್ಕಿಗೊಬ್ಬರಂತೆ ಚದುರಿತು. ಈಗ ಹೋಟೆಲಿನ ಹುಡುಗರೂ ಗಿರಣಿ ಕಾರ್ಮಿಕರ ಮೊಮ್ಮಕ್ಕಳೂ ಕೂಡಿ ಅದನ್ನು ಮತ್ತೆ ಕಟ್ಟಿದ್ದಾರೆ. ಇದಕ್ಕಿಂತ ಸಂತೋಷ ನನಗೆ ಬೇರೆ ಯಾವುದಿದೆ?

ಬೇಸ್ ಗಿಟಾರಿಗೆ ಒಂದು ಆಂಪ್ಲಿಫಾಯರನ್ನೂ ಸ್ಪೀಕರ್ ಪೆಟ್ಟಿಗೆಗಳನ್ನೂ ಕೊಡಿಸಬೇಕೆಂದು ಈ ತರುಣರು ಸಮಿತಿಗೆ ಅರ್ಜಿ ಕೊಟ್ಟಿದ್ದಾರೆ. ಅರ್ಜಿಯಲ್ಲಿರುವುದು ಒಂದೇ ಮಾತು: “ಸಾವಿರ ವ್ಯಾಟಿನದು ಬೇಕು.” ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕರೆದಿದ್ದಾರೆ. ನಾನು ಬೇಡವೆನ್ನಲು ಬಂದವನಲ್ಲ. ಆದರೆ ಈ ಹಣ ಯಾರದೆಂಬುದನ್ನು ಮರೆಯಬಾರದು. ರಾತ್ರಿ ಕೊನೆಯ ಗಿರಾಕಿ ಎದ್ದ ಮೇಲೆ ಮೇಜು ಒರೆಸಿ, ಅದೇ ಮೇಜಿನ ಮೇಲೆ ಹಾಸಿಕೊಂಡು ಮಲಗಿದವರು ಕೊಟ್ಟ ವರ್ಗಣಿ ಇದು. ಒಮ್ಮೆ ತಪ್ಪಿದರೆ ಎರಡನೆಯ ಸಲ ಕೇಳುವ ಮುಖ ನಮಗಿರುವುದಿಲ್ಲ.

ತಪ್ಪಿದ್ದು ಹೇಗೆಂಬುದನ್ನು ನಾನೇ ಹೇಳುತ್ತೇನೆ. ೧೯೭೯ರಲ್ಲಿ ಹೀಗೆಯೇ ವರ್ಗಣಿ ಕೂಡಿಸಿ ಒಂದು ಆಂಪ್ಲಿಫಾಯರು, ಎರಡು ಪೆಟ್ಟಿಗೆ ತಂದೆವು. ಪೆಟ್ಟಿಗೆ ಒಂದೊಂದೂ ೮ ಓಮ್. ನಾಡಹಬ್ಬದ ದಿನ ಸಭಾಗೃಹ ದೊಡ್ಡದು, ಸದ್ದು ಸಾಲದು ಎಂದು ಎರವಲು ತಂದ ಮೂರನೆಯ ಪೆಟ್ಟಿಗೆಯನ್ನೂ ಅದಕ್ಕೇ ಜೋಡಿಸಿದೆವು. ಅಂಗಡಿಯವನು “ಎಷ್ಟು ಬೇಕಾದರೂ ಹಾಕಿ” ಎಂದಿದ್ದ. ಮೂರನೆಯ ಹಾಡಿಗೆ ಒಗ್ಗರಣೆ ಸೀದಂಥ ವಾಸನೆ ಬಂತು. ನಾಲ್ಕನೆಯ ಹಾಡಿಗೆ ಸದ್ದೇ ಇಲ್ಲ. ಗಿರಣಿಯ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ ನಾನೇ ಅಲ್ಲಿದ್ದೆ; ಬೆನ್ನ ಹಲಗೆಯ ಮೇಲೆ “ಕನಿಷ್ಠ ೪ ಓಮ್” ಎಂದು ಬರೆದುದನ್ನು ಓದಿರಲಿಲ್ಲ. ಅಂಗಡಿಯವನನ್ನು ಬೈದು ಪ್ರಯೋಜನವೇನು? ವರ್ಷದ ವರ್ಗಣಿ ಹೊಗೆಯಾಯಿತು.

ಆದ್ದರಿಂದ ಓಮಿನಿಂದಲೇ ಆರಂಭಿಸುತ್ತೇನೆ. ಓಮ್ ಎಂದರೆ ವಿದ್ಯುತ್ತಿಗೆ ಇರುವ ತಡೆಯ ಅಳತೆ. ಒಬ್ಬ ಸಪ್ಲೈಯರಿಗೆ ನಾಲ್ಕು ಮೇಜು ಕೊಟ್ಟರೆ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಎಂಟು ಕೊಟ್ಟರೆ ಓಡುತ್ತಾನೆ, ಹನ್ನೆರಡು ಕೊಟ್ಟರೆ ಬೀಳುತ್ತಾನೆ. ಆಂಪ್ಲಿಫಾಯರಿನ ಪಾಡೂ ಹೀಗೆಯೇ. ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಸಮಾನಾಂತರವಾಗಿ ಜೋಡಿಸುತ್ತಾರೆ. ಆಗ ಒಂದೊಂದು ಪೆಟ್ಟಿಗೆ ಸೇರಿದಂತೆಲ್ಲ ವಿದ್ಯುತ್ತಿಗೆ ಇನ್ನೊಂದು ದಾರಿ ತೆರೆಯುತ್ತದೆ, ಒಟ್ಟು ತಡೆ ಇಳಿಯುತ್ತದೆ, ಆಂಪ್ಲಿಫಾಯರಿನ ಮೇಲೆ ಬೀಳುವ ಭಾರ ಏರುತ್ತದೆ. ೮ ಓಮಿನ ಪೆಟ್ಟಿಗೆ ಒಂದಾದರೆ ೮, ಎರಡಾದರೆ ೪, ಮೂರಾದರೆ ೨.೬೭. ೪ ಓಮಿನ ಪೆಟ್ಟಿಗೆ ಎರಡಾದರೆ ೨. ಆಂಪ್ಲಿಫಾಯರಿನ ಮೇಲೆ ಬರೆದ ಕನಿಷ್ಠಕ್ಕಿಂತ ಕೆಳಗೆ ಎಂದೂ ಇಳಿಯಬೇಡಿ. ಮೇಲಿದ್ದರೆ ಟ್ರಾನ್ಸಿಸ್ಟರಿನ ಆಂಪ್ಲಿಫಾಯರಿಗೆ ಕೇಡಿಲ್ಲ. ಶಕ್ತಿ ತುಸು ಕಡಿಮೆ ಬರುತ್ತದೆ, ಅಷ್ಟೆ. ಹಳೆಯ ವಾಲ್ವಿನ ಆಂಪ್ಲಿಫಾಯರಾದರೆ ಅದರ ಹಿಂದೆ ಬರೆದ ಓಮಿಗೆ ಸರಿಯಾಗಿಯೇ ಜೋಡಿಸಬೇಕು. ಸ್ಪೀಕರೇ ಇಲ್ಲದೆ ಅದನ್ನು ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇನ್ನು ವ್ಯಾಟಿನ ಮಾತು. ಐನೂರು ವ್ಯಾಟಿಗಿಂತ ಸಾವಿರ ವ್ಯಾಟು ಎರಡರಷ್ಟು ಜೋರು ಎಂದು ನಮ್ಮ ತರುಣರು ಎಣಿಸಿದ್ದಾರೆ. ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ವ್ಯಾಟು ಎರಡು ಪಟ್ಟಾದರೆ ಸದ್ದು ೩ ಡೆಸಿಬೆಲ್ ಮಾತ್ರ ಏರುತ್ತದೆ. ಅದು ಕಿವಿಗೆ “ತುಸು ಜೋರಾಯಿತು” ಎನ್ನುವಷ್ಟೇ. ಎರಡರಷ್ಟು ಜೋರೆಂದು ಅನಿಸಬೇಕಾದರೆ ಸುಮಾರು ೧೦ ಪಟ್ಟು ವ್ಯಾಟು ಬೇಕು.

ವ್ಯಾಟಿನ ಹೆಸರಿನಲ್ಲಿ ನಡೆಯುವ ಮೋಸವೂ ಒಂದಿದೆ. ಕ್ಷಣಮಾತ್ರ ಚಿಮ್ಮುವ ಶಕ್ತಿಯನ್ನು “ಪೀಕ್” ಎಂದೋ “ಪಿ.ಎಂ.ಪಿ.ಓ.” ಎಂದೋ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನೀವು ಕೇಳಬೇಕಾದುದು ನಿರಂತರವಾಗಿ ಕೊಡುವ ಶಕ್ತಿಯನ್ನು, ಅಂದರೆ “ಆರ್.ಎಂ.ಎಸ್.” ಎಂದು ಬರೆದುದನ್ನು, ಅದೂ ಎಷ್ಟು ಓಮಿಗೆ ಎಂಬುದನ್ನು ಸೇರಿಸಿ. ಬೆನ್ನ ಹಲಗೆಯಲ್ಲಿ ಈ ಯಂತ್ರವು ಗೋಡೆಯ ಪ್ಲಗ್ಗಿನಿಂದ ಎಷ್ಟು ವ್ಯಾಟು ಎಳೆಯುತ್ತದೆಂದು ಬರೆದಿದ್ದರೆ ಅದನ್ನೂ ನೋಡಿ. ಅರುವತ್ತು ವ್ಯಾಟು ಎಳೆಯುವ ಯಂತ್ರ ಸಾವಿರ ವ್ಯಾಟನ್ನು ಸತತವಾಗಿ ಕೊಡಲಾರದು. ಒಂದು ಸೇರು ಅಕ್ಕಿ ನೆನೆ ಹಾಕಿ ನೂರು ಜನಕ್ಕೆ ಇಡ್ಲಿ ಬಡಿಸುತ್ತೇನೆ ಎಂದರೆ ನಮ್ಮ ಭಟ್ಟರು ನಂಬುತ್ತಾರೆಯೆ?

೧೯೬೫ನೆಯ ಆಗಸ್ಟಿನಲ್ಲಿ ಬೀಟಲ್ಸ್ ತಂಡ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ೫೫ ಸಾವಿರಕ್ಕೂ ಮಿಕ್ಕಿದ ಜನರ ಮುಂದೆ ಹಾಡಿತು. ಅದಕ್ಕಾಗಿ ವಾಕ್ಸ್ ಕಂಪನಿಯ ೧೦೦ ವ್ಯಾಟಿನ ಆಂಪ್ಲಿಫಾಯರುಗಳಿದ್ದವು. ಅಂದಿಗೆ ಅದು ಬಹಳ ದೊಡ್ಡದು. ಆದರೂ ಜನರ ಕಿರುಚಾಟದಲ್ಲಿ ವಾದಕರಿಗೆ ತಮ್ಮ ವಾದ್ಯವೇ ಕೇಳಲಿಲ್ಲ. ವೇದಿಕೆಯ ಮೇಲಿನ ಪೆಟ್ಟಿಗೆಯಿಂದಲೇ ಇಡೀ ಮೈದಾನವನ್ನು ತುಂಬಲು ಹೊರಡುವುದು ಸರಿಯಾದ ದಾರಿಯಲ್ಲ. ಇಂದು ದೊಡ್ಡ ಸಭೆಯಲ್ಲಿ ಬೇಸಿನ ಸಂಕೇತವನ್ನು “ಡಿ.ಐ.” ಎಂಬ ಹೊರದಾರಿಯಿಂದ ಮಂಟಪದ ದೊಡ್ಡ ಧ್ವನಿವರ್ಧಕಕ್ಕೆ ಕಳಿಸುತ್ತಾರೆ. ನಮ್ಮ ಪೆಟ್ಟಿಗೆಗೆ ಉಳಿಯುವ ಕೆಲಸ ವೇದಿಕೆಯ ಮೇಲಿರುವವರಿಗೂ ಚಿಕ್ಕ ಸಭೆಗೂ ಕೇಳಿಸುವುದು. ಆದ್ದರಿಂದ ಕೊಳ್ಳುವ ಆಂಪ್ಲಿಫಾಯರಿಗೆ ಡಿ.ಐ. ಹೊರದಾರಿ ಇರಲೇಬೇಕು.

ಹಾಗಾದರೆ ಸದ್ದು ಬರುವುದು ಎಲ್ಲಿಂದ? ಪೆಟ್ಟಿಗೆಯಿಂದ. ಬೇಸ್ ಗಿಟಾರಿಗೆ ಮರದ ಹೊಟ್ಟೆಯಿಲ್ಲ. ೧೯೫೧ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರ್ ಎಂಬ ಮಾಜಿ ರೇಡಿಯೋ ರಿಪೇರಿಯವನು ಗಟ್ಟಿ ಮರದ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ, ಮರುವರ್ಷವೇ ಅದಕ್ಕೆಂದು ಬೇಸ್‌ಮನ್ ಎಂಬ ಆಂಪ್ಲಿಫಾಯರನ್ನೂ ತರಬೇಕಾಯಿತು. ಆ ವಾದ್ಯದ ಅರ್ಧ ದೇಹ ಪೆಟ್ಟಿಗೆಯಲ್ಲಿದೆ. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಆ ನಾದದ ಒಂದು ಅಲೆಯ ಉದ್ದ ಸುಮಾರು ೨೭ ಅಡಿ. ನಮ್ಮ ಚಾಳಿನ ಎರಡು ಖೋಲಿಗಿಂತ ಉದ್ದ. ಅಷ್ಟು ದೊಡ್ಡ ಅಲೆಯನ್ನು ಎಬ್ಬಿಸಬೇಕಾದರೆ ಸ್ಪೀಕರಿನ ಕಾಗದ ಬಹಳ ಗಾಳಿಯನ್ನು ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರಿಗೆ ಅದು ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ಆದ್ದರಿಂದಲೇ ಮಾಮೂಲು ಗಿಟಾರಿನ ಪೆಟ್ಟಿಗೆಗೋ ಮನೆಯ ಹಾಡಿನ ಪೆಟ್ಟಿಗೆಗೋ ಬೇಸನ್ನು ಜೋಡಿಸಿ ಜೋರು ಮಾಡಿದರೆ ಸ್ಪೀಕರ್ ಹರಿಯುತ್ತದೆ.

ಪೆಟ್ಟಿಗೆ ಕೊಳ್ಳುವಾಗ ಮೂರು ಸಂಗತಿ ನೋಡಿ.

ಮೊದಲನೆಯದು ಅದರ ಸಂವೇದನೆ. ೧ ವ್ಯಾಟು ಕೊಟ್ಟು ೧ ಮೀಟರು ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಎಂಬ ಅಂಕಿ. ಒಂದು ಪೆಟ್ಟಿಗೆ ೯೪, ಇನ್ನೊಂದು ೧೦೦ ಎನ್ನಿ. ಎರಡನೆಯದು ೧೦೦ ವ್ಯಾಟಿನಲ್ಲಿ ಕೊಡುವ ಸದ್ದನ್ನು ಮೊದಲನೆಯದರಿಂದ ಹೊರಡಿಸಲು ಸುಮಾರು ೪೦೦ ವ್ಯಾಟು ಬೇಕು. ಒಳ್ಳೆಯ ಪೆಟ್ಟಿಗೆ ಇದ್ದರೆ ಚಿಕ್ಕ ಆಂಪ್ಲಿಫಾಯರು ಸಾಕು.

ಎರಡನೆಯದು ಸ್ಪೀಕರಿನ ವಿಸ್ತಾರ. ೧೫ ಅಂಗುಲದ್ದು ಒಂದೇ ಸಾಕೆ, ೧೦ ಅಂಗುಲದವು ಬೇಕೆ ಎಂಬುದು ನಿತ್ಯದ ವಾದ. ಅಂಗುಲವನ್ನು ಅಂಗುಲದಿಂದ ಗುಣಿಸಿ ಹೋಲಿಸಿರಿ: ೧೫ರದು ಒಂದಕ್ಕೆ ೨೨೫; ೧೦ರವು ಎರಡಕ್ಕೆ ೨೦೦; ನಾಲ್ಕಕ್ಕೆ ೪೦೦. ೧೫ರದೇ ಯಾವಾಗಲೂ ಹೆಚ್ಚು ಗಾಳಿ ತಳ್ಳುತ್ತದೆಂಬ ನಂಬಿಕೆ ಸರಿಯಲ್ಲ. ಫೆಂಡರನೂ ಮೊದಲು ೧೫ರದೊಂದನ್ನು ಹಾಕಿ, ಮುಂದೆ ೧೦ರವು ನಾಲ್ಕಕ್ಕೆ ಬದಲಿಸಿದನು.

ಮೂರನೆಯದು ತೂಕ. ೧೯೬೯ರಲ್ಲಿ ಆಂಪೆಗ್ ಕಂಪನಿ ೩೦೦ ವ್ಯಾಟಿನ ಎಸ್.ವಿ.ಟಿ. ಎಂಬ ವಾಲ್ವಿನ ಆಂಪ್ಲಿಫಾಯರನ್ನು ತಂದಿತು. ಅದರ ಜೊತೆಗೆ ೧೦ ಅಂಗುಲದ ಎಂಟು ಸ್ಪೀಕರಿನ ಪೆಟ್ಟಿಗೆ. ನಾದದಲ್ಲಿ ಅದಕ್ಕೆ ಇಂದಿಗೂ ಹೆಸರಿದೆ. ಆದರೆ ಪೆಟ್ಟಿಗೆಯೊಂದೇ ೬೦ ಕಿಲೋದ ಆಸುಪಾಸು. ಸಂಘದ ಕೋಣೆ ಮೂರನೆಯ ಮಾಳಿಗೆಯಲ್ಲಿದೆ, ಲಿಫ್ಟ್ ಇಲ್ಲ. ಹೊರುವವರು ಹನ್ನೆರಡು ಗಂಟೆ ದುಡಿದು ಬಂದ ಹುಡುಗರು. ಇಂದು ಎರಡು ಮೂರು ಕಿಲೋದ ಆಂಪ್ಲಿಫಾಯರುಗಳಿವೆ. ನಿಯೋಡಿಮಿಯಂ ಅಯಸ್ಕಾಂತದ ಹಗುರವಾದ ಪೆಟ್ಟಿಗೆಗಳೂ ಇವೆ. ಬೆನ್ನು ಉಳಿಸುವ ಸಾಮಾನಿಗೆ ನಾಲ್ಕು ಕಾಸು ಹೆಚ್ಚಾದರೂ ಕೊಡೋಣ.

ಹಾಗಾದರೆ ನಾವು ಏನನ್ನು ಕೊಳ್ಳಬೇಕು? ನನ್ನ ಸೂಚನೆ ಇದು. ೪ ಓಮಿಗೆ ೩೦೦ರಿಂದ ೫೦೦ ವ್ಯಾಟು ಸತತವಾಗಿ ಕೊಡುವ ಆಂಪ್ಲಿಫಾಯರು ಒಂದು. ೧೦ ಅಂಗುಲದ ಎರಡು ಸ್ಪೀಕರುಳ್ಳ, ಒಟ್ಟು ೮ ಓಮಿನ ಪೆಟ್ಟಿಗೆ ಒಂದು. ಈ ವರ್ಷ ಇಷ್ಟೇ ಸಾಕು. ಅಭ್ಯಾಸಕ್ಕೂ ಚಿಕ್ಕ ಸಭೆಗೂ ನಡೆಯುತ್ತದೆ. ಮುಂದಿನ ವರ್ಷ ಅದೇ ಜಾತಿಯ ಇನ್ನೊಂದು ೮ ಓಮಿನ ಪೆಟ್ಟಿಗೆ ತಂದು ಮೇಲೆ ಇಡೋಣ. ಆಗ ಆಂಪ್ಲಿಫಾಯರಿನ ಪೂರ್ಣ ಶಕ್ತಿಯೂ ಹೊರಬರುತ್ತದೆ, ಗಾಳಿ ತಳ್ಳುವ ವಿಸ್ತಾರವೂ ಎರಡು ಪಟ್ಟಾಗುತ್ತದೆ. ಎರಡೂ ಕೂಡಿ ೫–೬ ಡೆಸಿಬೆಲ್ ಏರಿಕೆ ಬರಬಹುದು. ಬರಿಯ ಆಂಪ್ಲಿಫಾಯರನ್ನು ಎರಡು ಪಟ್ಟು ಮಾಡಿದರೆ ಸಿಗುವುದು ಮೂರೇ. ಮೊದಲ ಸಲವೇ ೪ ಓಮಿನ ಪೆಟ್ಟಿಗೆ ತಂದರೆ ಎರಡನೆಯದಕ್ಕೆ ಬಾಗಿಲು ಮುಚ್ಚಿದಂತೆ. ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಡದೆ ಒಂದರ ಮೇಲೊಂದು ಇಡಿ. ಆಗ ಸದ್ದು ಎರಡು ಬದಿಗೂ ಸಮನಾಗಿ ಹರಡುತ್ತದೆ. ಮೇಲಿನದು ವಾದಕನ ಕಿವಿಯ ಹತ್ತಿರಕ್ಕೂ ಬರುತ್ತದೆ. ಕಿವಿಗೆ ಕೇಳಿಸಿದರೆ ಅವನು ಸುಮ್ಮನೆ ಗುಂಡಿ ತಿರುಗಿಸುತ್ತ ಹೋಗುವುದಿಲ್ಲ.

ಆಂಪ್ಲಿಫಾಯರಿನಿಂದ ಪೆಟ್ಟಿಗೆಗೆ ಹೋಗುವ ತಂತಿ ದಪ್ಪನೆಯ ಸ್ಪೀಕರ್ ತಂತಿಯೇ ಆಗಿರಬೇಕು. ಗಿಟಾರಿನ ತಂತಿ ಹೊರಗಿನಿಂದ ಹಾಗೆಯೇ ಕಂಡರೂ ಒಳಗೆ ಕೂದಲಿನಷ್ಟು ತೆಳುವು. ಈ ಕೆಲಸಕ್ಕೆ ಹಾಕಿದರೆ ಕಾಯುತ್ತದೆ. ಅಂಗಡಿಗೆ ಹೋಗುವಾಗ ನಮ್ಮ ಗಿಟಾರನ್ನೇ ಒಯ್ಯಿರಿ. ಕೋಣೆಯಲ್ಲಿ ಗುಂಯ್‌ಗುಡುವ ನಾದಕ್ಕೆ ಮರುಳಾಗಬೇಡಿ. ತಬಲಾ, ಢೋಲಕ್, ಹಾಡುಗಾರ ಎಲ್ಲರ ನಡುವೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವುದೆ ಎಂದು ನೋಡಿ.

ಕೊನೆಗೆ ಎರಡು ಎಚ್ಚರಿಕೆ. ಇವು ಹಣಕ್ಕಿಂತ ದೊಡ್ಡವು.

ಮೊದಲನೆಯದು ಅರ್ಥಿಂಗ್. ೧೯೭೨ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕನು ವೇದಿಕೆಯ ಮೇಲೆಯೇ ವಿದ್ಯುತ್ ತಗುಲಿ ಸತ್ತನು; ಅವನು ಮುಟ್ಟಿದ ಮೈಕಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಗಿಟಾರಿನ ತಂತಿ ಕೈಯಲ್ಲಿ, ಮೈಕು ತುಟಿಯ ಬಳಿ. ನಡುವೆ ನಮ್ಮ ದೇಹ. ಗುಂಯ್‌ಗುಟ್ಟುತ್ತದೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವವರಿದ್ದಾರೆ. ಯಾರೂ ಹಾಗೆ ಮಾಡಕೂಡದು. ಮಂಟಪದಲ್ಲಿ ೩೦ ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚು ಇದೆಯೆ ಎಂದು ಕೇಳಿದ ಮೇಲೆಯೇ ಪ್ಲಗ್ಗು ಹಾಕಿರಿ.

ಎರಡನೆಯದು ಕಿವಿ. ನೇಯ್ಗೆ ಖಾತೆಯಲ್ಲಿ ದುಡಿದ ನಮ್ಮ ಹಿರಿಯರನ್ನು ನೋಡಿ. ಮಗ್ಗಗಳ ಗದ್ದಲದಲ್ಲಿ ಕೈಸನ್ನೆ, ತುಟಿಸನ್ನೆಗಳಿಂದ ಮಾತಾಡಿದವರು. ಮುಪ್ಪಿನಲ್ಲಿ ಮೊಮ್ಮಕ್ಕಳ ಮಾತು ಕೇಳದೆ ಸುಮ್ಮನೆ ನಗುತ್ತ ಕೂತವರು. ೮೫ ಡೆಸಿಬೆಲಿನಲ್ಲಿ ದಿನಕ್ಕೆ ೮ ಗಂಟೆ ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ. ೩ ಏರಿದಂತೆಲ್ಲ ಸಮಯ ಅರ್ಧ. ೧೦೦ ಡೆಸಿಬೆಲಿಗೆ ೧೫ ನಿಮಿಷ. ಅವರು ಹೊಟ್ಟೆಪಾಡಿಗಾಗಿ ಕಿವಿ ಕಳೆದುಕೊಂಡರು. ನಾವು ಹಾಡಿಗಾಗಿ ಕಳೆದುಕೊಳ್ಳಬೇಕೆ? ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ೧೦ರಿಂದ ಬೆಳಿಗ್ಗೆ ೬ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಬೆಳಗಿನ ಪಾಳಿಗೆ ಏಳಬೇಕಾದ ನೆರೆಯವನೂ ಕಾರ್ಮಿಕನೇ ಎಂಬುದನ್ನು ಮರೆಯಬೇಡಿ.

ಮಿತ್ರರೆ, ಹಾಡುಗಾರನಿಗೆ ಚಪ್ಪಾಳೆ ಸಿಗುತ್ತದೆ; ಬೇಸ್ ಬಾರಿಸುವವನತ್ತ ಯಾರೂ ನೋಡುವುದಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಏನೋ ಕುಸಿದಂತೆ ಎಲ್ಲರಿಗೂ ತಿಳಿಯುತ್ತದೆ. ಅಡಿಗೆಮನೆಯಲ್ಲಿ ರುಬ್ಬುವವನ, ಗಿರಣಿಯಲ್ಲಿ ಎಣ್ಣೆ ಹಾಕುವವನ ಕೆಲಸವೂ ಅಂಥದೇ. ಆ ಕೆಲಸಕ್ಕೆ ಅಬ್ಬರದ ಸಾಮಾನು ಬೇಡ. ತಕ್ಕ ಸಾಮಾನು ಬೇಕು. ಸಮಿತಿಯು ಈ ಅರ್ಜಿಯನ್ನು ಮಂಜೂರು ಮಾಡಲಿ. ತರುಣರು “ಸಾವಿರ ವ್ಯಾಟು” ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಓಮನ್ನೂ ಸಂವೇದನೆಯನ್ನೂ ತೂಕವನ್ನೂ ಬರೆದು ತರಲಿ. ಕೊಳ್ಳಲು ಹೋಗುವ ದಿನ ಬೆನ್ನ ಹಲಗೆ ಓದುವುದಕ್ಕೆ ನನ್ನನ್ನೂ ಕರೆಯಿರಿ. ಈ ಸಲ ಕನ್ನಡಕ ಹಾಕಿಕೊಂಡೇ ಬರುತ್ತೇನೆ.